ಗೇಜ್‌ನಲ್ಲಿ ಆಯಿಲ್ ಏರುತ್ತಿದೆ, ಷಡ್ಡಕ ದಪ್ಪ ಆಯಿಲ್ ಹಾಕಿಸು ಅಂತಾನೆ. ಏನು ಮಾಡಲಿ?

ಮೆಕ್ಕೆಜೋಳ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಂದು ದಾವಣಗೆರೆ. ಮೆಕ್ಕೆಜೋಳದ ವ್ಯಾಪಾರ. ಮನೆ ವಿದ್ಯಾನಗರದಲ್ಲಿ, ಅಂಗಡಿ ಎಪಿಎಂಸಿ ಹತ್ತಿರ. ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ, 2022ರದ್ದು, ಬಿಎಸ್-6 (ಹೊಗೆ ಮಾಲಿನ್ಯದ ಈಗಿನ ನಿಯಮ) ಗಾಡಿ. ಕಂಪನಿ ಹೆಸರು ಬೇಡ ಬಿಡಿ. ಹೇಳಿದರೆ ಆ ಕಂಪನಿ ಅಭಿಮಾನಿಗಳೂ ಬರುತ್ತಾರೆ, ಎದುರು ಪಾರ್ಟಿಯವರೂ ಬರುತ್ತಾರೆ, ಅವರ ಜಗಳದಲ್ಲಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ. ಮೀಟರ್‌ನಲ್ಲಿ 41,300 ಕಿ.ಮೀ. ಆಗಿದೆ.

ಇದೆಲ್ಲ ಶುರುವಾಗಿದ್ದು ನನ್ನ ಷಡ್ಡಕನಿಂದ. ಅವನು ಇರೋದು ಅಮೆರಿಕದ ಡಾಲಸ್‌ನಲ್ಲಿ. ಜಿಎಂಸಿ ಯೂಕಾನ್ ಇಟ್ಟಿದ್ದಾನೆ, 6.2 ಲೀಟರ್ ವಿ8 ಪೆಟ್ರೋಲ್ ಇಂಜಿನ್. ನಮ್ಮ ಬೀದಿಯಲ್ಲಿ ನಿಲ್ಲಿಸಿದರೆ ಎದುರು ಮನೆಯವರು ಗೇಟು ತೆಗೆಯುವ ಹಾಗಿಲ್ಲ, ಅಷ್ಟು ದೊಡ್ಡದು. 2025ರ ಏಪ್ರಿಲ್‌ನಲ್ಲಿ ಆ ಇಂಜಿನ್‌ಗೆ ರೀಕಾಲ್ ಬಂತು, ಅಂದರೆ ದೋಷ ಇರಬಹುದು ಅಂತ ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿತು. ಅಮೆರಿಕದಲ್ಲೇ ಸುಮಾರು 5.97 ಲಕ್ಷ ಗಾಡಿ, 2021ರಿಂದ 2024ರ ಮಾಡೆಲ್. ಎಸ್ಕಲೇಡ್, ತಾಹೋ, ಸಬರ್ಬನ್, ಯೂಕಾನ್, ಜೊತೆಗೆ ಸಿಲ್ವರಾಡೋ, ಸಿಯೆರಾ ಪಿಕಪ್‌ಗಳು. ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್, ಅದಕ್ಕೆ ಪಿಸ್ಟನ್ ಜೋಡಿಸುವ ಕನೆಕ್ಟಿಂಗ್ ರಾಡ್ ತಯಾರಿಸುವಾಗಲೇ ದೋಷ ಉಳಿದಿದೆ, ಬೇರಿಂಗ್ ಹೋಗಿ ಓಡುತ್ತಿರುವ ಇಂಜಿನ್ ನಿಂತುಬಿಡಬಹುದು ಅಂತ. ಷಡ್ಡಕ ಗಾಡಿ ತಗೊಂಡು ಹೋದ. ಚೆಕ್ ಮಾಡಿದರು, ಪಾಸಾಯಿತು. ಪಾಸಾದ ಗಾಡಿಗೆ ಮಾಡಿದ್ದು ಇಷ್ಟು: ಮೊದಲಿದ್ದ ತೆಳು 0ಡಬ್ಲ್ಯೂ-20 ಆಯಿಲ್ ಇಳಿಸಿ ಅದಕ್ಕಿಂತ ದಪ್ಪದ 0ಡಬ್ಲ್ಯೂ-40 ತುಂಬಿದರು, ಹೊಸ ಫಿಲ್ಟರ್, ಆಯಿಲ್ ಹಾಕುವ ಬಾಯಿಗೆ ಹೊಸ ಮುಚ್ಚಳ, ಮ್ಯಾನ್ಯುಯಲ್ ಪುಸ್ತಕದಲ್ಲಿ ಸೇರಿಸೋಕೆ ಒಂದು ಹಾಳೆ.

ಇವನು ಸುಮ್ನೆ ಇರಬೇಕಲ್ವಾ? ಮನೆ ಗ್ರೂಪಿನಲ್ಲಿ ಹಾಕಿದ: "ದೊಡ್ಡ ಗಾಡಿ ಇರೋರೆಲ್ಲ ದಪ್ಪ ಆಯಿಲ್ ಹಾಕಿಸಿ, ಕಂಪನಿಯವರೇ ಒಪ್ಪಿಕೊಂಡಿದ್ದಾರೆ." ಐದು ನಿಮಿಷಕ್ಕೆ ಮಾವನವರ ಫೋನು. ಅವರಿಗೆ ಅಮೆರಿಕದ ಅಳಿಯ ಹೇಳಿದ್ದೇ ವೇದ. ನಾನು ಊರಲ್ಲಿರುವ ಅಳಿಯ, ನನ್ನ ಮಾತಿಗೆ ಒಂದು ಬೆಣ್ಣೆ ದೋಸೆ ಬೆಲೆಯೂ ಇಲ್ಲ.

ಸರಿ, ನೋಡೇ ಬಿಡೋಣ ಅಂತ ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿದೆ. ಗಾಡಿ ತಗೊಂಡು ಮೂರು ವರ್ಷ ದಾಟಿದೆ, ಗೇಜ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದಿದ್ದು ಅವತ್ತೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ರಾತ್ರಿಯಿಡೀ ಸಮತಟ್ಟು ಜಾಗದಲ್ಲಿ ನಿಂತಿದ್ದ ಗಾಡಿ, ಇಂಜಿನ್ ತಣ್ಣಗಿತ್ತು. ಹಳೇ ಬನಿಯನ್‌ನಲ್ಲಿ ಒರೆಸಿ ಮತ್ತೆ ಹಾಕಿ ತೆಗೆದೆ. ಗೇಜ್‌ನಲ್ಲಿ ಎರಡು ಗುರುತು ಇವೆ. ಆಯಿಲ್ ಎರಡರ ನಡುವೆ ಇರಬೇಕು. ನಂದು ಮೇಲಿನ ಗುರುತು ದಾಟಿ ಇನ್ನೂ ಒಂದು ಬೆರಳಗಲ ಮೇಲಿತ್ತು! ತಪ್ಪು ನೋಡಿದೆನೇನೋ ಅಂತ ಮೂರು ಸಲ ಒರೆಸಿ ನೋಡಿದೆ. ಮೂರು ಸಲವೂ ಅಷ್ಟೇ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರಿನ ಹಾಗೆ ಜಾರುತ್ತಿದೆ. ಮೂಸಿದರೆ ಬಂಕ್ ವಾಸನೆ.

ಕಳೆದ ಸರ್ವಿಸ್ ಆಗಿದ್ದು ಏಳು ತಿಂಗಳ ಹಿಂದೆ, 36,800ಕ್ಕೆ. ಆಮೇಲೆ ಒಂದು ಹನಿಯೂ ಹಾಕಿಲ್ಲ. ಇಂಜಿನ್ ಆಯಿಲ್ ಕುಡಿಯೋದು ಕೇಳಿದ್ದೇನೆ, ಹೆರೋದು ಕೇಳಿಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗ ಹೇಳಿದ್ದು: "ಕಮ್ಮಿ ಆದ್ರೆ ಪ್ರಾಬ್ಲಮ್ ಸರ್, ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?" ಬೋರ್‌ವೆಲ್‌ನಲ್ಲಿ ನೀರು ಬಂದಷ್ಟೇ ಖುಷಿ ಅವನಿಗೆ.

ಆನಗೋಡು ಕಡೆ ನಮ್ಮ ತೋಟ ಇದೆ. ಅಲ್ಲಿ ಅಣ್ಣನ ಹತ್ತಿರ ಟ್ರ್ಯಾಕ್ಟರ್‌ಗೆ ತಂದ 15ಡಬ್ಲ್ಯೂ-40 ಆಯಿಲ್ ಬಕೆಟ್‌ಗಟ್ಟಲೆ ಇದೆ. "ದಪ್ಪ ಆಯಿಲ್ ತಾನೇ ಬೇಕು? ಇದನ್ನೇ ಹಾಕು, ದುಡ್ಡು ಯಾಕೆ ಕೊಡ್ತೀಯ" ಅಂತಾನೆ.

ಹೇಳಿ ಸ್ವಾಮಿ. ಆಯಿಲ್ ಏರಿದ್ದು ಯಾಕೆ? ಷಡ್ಡಕನ ಮಾತು ಕೇಳಲೋ ಬೇಡವೋ? ನನ್ನ ಗಾಡಿಗೂ ಏನಾದರೂ ರೀಕಾಲ್ ಇದ್ದು ನನಗೇ ಗೊತ್ತಿಲ್ಲ ಅಂತಾದರೆ, ಅದನ್ನು ನೋಡೋದು ಎಲ್ಲಿ?

ಹೊಸದುರ್ಗ_ತೆಂಗು

ಯಾವುದಕ್ಕೂ ಮೊದಲು ಗಾಡಿ ಬದಿಗೆ ನಿಲ್ಲಿಸಿ ಅಣ್ಣಾ. ನಮ್ಮ ಚಿಕ್ಕಪ್ಪನ ಗಾಡಿಯಲ್ಲೂ ಹಿಂಗೇ ಆಯಿಲ್ ಏರಿತ್ತು. ನೋಡೋಣ ನೋಡೋಣ ಅಂತ ಎರಡು ತಿಂಗಳು ಓಡಿಸಿದರು. ಒಂದಿನ ಹೊಳಲ್ಕೆರೆ ಹತ್ತಿರ ಟಕ ಟಕ ಶುರುವಾಯಿತು, ಅಲ್ಲಿಂದ ಟೋ ಮಾಡಿಸಿಕೊಂಡು ಬಂದರು. ಇಂಜಿನ್ ಬಿಚ್ಚಬೇಕಾಯಿತು. ನನಗೆ ಟೆಕ್ನಿಕಲ್ ಗೊತ್ತಿಲ್ಲ, ಗೊತ್ತಿರೋರು ಬರೆಯಲಿ.

ಪಿಬಿ_ರೋಡ್_ಸ್ಪ್ಯಾನರ್

ಯಜಮಾನ್ರೇ, ನಾನು ಸ್ಪ್ಯಾನರ್ ಹಿಡಿದು 26 ವರ್ಷ. ಭಯ ಬೀಳಬೇಡಿ, ಆದರೆ ಮುಂದಕ್ಕೂ ಹಾಕಬೇಡಿ.

ಆಯಿಲ್ ತಾನಾಗೇ ಏರುವುದಿಲ್ಲ. ಏನೋ ಬೆರೆತರೆ ಏರುತ್ತದೆ. ಬೆರೆಯೋದು ಎರಡೇ, ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಇಲ್ಲವೇ ಡೀಸೆಲ್. ಕೂಲೆಂಟ್ ಬೆರೆತರೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಮುಚ್ಚಳದ ಒಳಗೆ ನೊರೆ ಮೆತ್ತಿರುತ್ತದೆ. ನಿಮ್ಮದು ತೆಳ್ಳಗಾಗಿದೆ, ಬಂಕ್ ವಾಸನೆ ಬರುತ್ತಿದೆ. ಡೀಸೆಲ್ಲೇ.

ಅದು ಎಲ್ಲಿಂದ ಬಂತು ಅಂದರೆ, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತಲ್ಲ, ಆಗಿನಿಂದ ಡೀಸೆಲ್ ಕಾರುಗಳ ಎಕ್ಸಾಸ್ಟ್ ಪೈಪಿನಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಡಬ್ಬಿ ಇದೆ. ಮಸಿ ಹಿಡಿಯುವುದು ಅದರ ಕೆಲಸ. ತುಂಬಿದ ಮಸಿಯನ್ನು ಗಾಡಿ ಆಗಾಗ ತಾನೇ ಸುಡುತ್ತದೆ. ಅದಕ್ಕೆ ಡಬ್ಬಿಯ ಒಳಗೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಆ ಬಿಸಿ ತರಲು ಇಂಜಿನ್ ಏನು ಮಾಡುತ್ತದೆ, ಪಿಸ್ಟನ್ ಕೆಳಗೆ ಹೋಗುವ ಹೊತ್ತಿಗೆ ತಡವಾಗಿ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಸಿಲಿಂಡರ್‌ನಲ್ಲಿ ಪೂರ್ತಿ ಉರಿಯದೆ ಎಕ್ಸಾಸ್ಟ್ ಕಡೆ ಹೋಗಿ ಅಲ್ಲಿ ಬಿಸಿ ಮಾಡಬೇಕು. ಎಲ್ಲ ಅಲ್ಲಿಗೆ ಹೋಗುವುದಿಲ್ಲ. ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ, ಕೆಳಗೆ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ.

ಹೈವೇಯಲ್ಲಿ ಓಡುವ ಗಾಡಿಗೆ ಇದು ದೊಡ್ಡ ವಿಷಯವಲ್ಲ. ಸುಡೋದು ಒಂದೇ ಸಲಕ್ಕೆ ಮುಗಿಯುತ್ತದೆ, ಆಯಿಲ್ ಚೆನ್ನಾಗಿ ಬಿಸಿಯಾಗಿ ಇಳಿದ ಡೀಸೆಲ್‌ನಲ್ಲಿ ಸ್ವಲ್ಪ ಆವಿಯಾಗಿಯೂ ಹೋಗುತ್ತದೆ. ನಿಮ್ಮ ಓಡಾಟ ನೋಡಿ. ವಿದ್ಯಾನಗರದಿಂದ ಎಪಿಎಂಸಿಗೆ ನಾಲ್ಕೈದು ಕಿಲೋಮೀಟರ್. ಇಂಜಿನ್ ಬಿಸಿಯಾಗೋ ಹೊತ್ತಿಗೆ ಅಂಗಡಿ ಬಂತು, ಕೀ ತಿರುಗಿಸಿದ್ರಿ. ಸುಡೋ ಕೆಲಸ ಅರ್ಧಕ್ಕೆ ನಿಂತಿತು. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ಬಂದ್. ಪ್ರತಿ ಸಲ ಒಂದಿಷ್ಟು ಡೀಸೆಲ್ ಕೆಳಗೆ. ಒಮ್ಮೊಮ್ಮೆ ಮನೆ ಮುಂದೆ ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಾ ಸುಟ್ಟ ವಾಸನೆ ಬಂದಿರಬೇಕು, ಐಡ್ಲಿಂಗ್ ಆರ್‌ಪಿಎಂ ಸ್ವಲ್ಪ ಏರಿರಬೇಕು. ನೆನಪು ಮಾಡಿಕೊಳ್ಳಿ. ಆವಾಗ ನೀವು ಗಾಡಿ ಆಫ್ ಮಾಡಿದ್ದೇ ತಪ್ಪು.

ಈಗ ಷಡ್ಡಕರ ಆಯಿಲ್ ವಿಷಯ. 0ಡಬ್ಲ್ಯೂ-40 ಅಂದರೆ ಮುಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದು, ಹಿಂದಿನದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದು. ತೆಳು ಆಯಿಲ್‌ಗೆ ತಿರುಗಲು ಇಂಜಿನ್ ಸಲೀಸು, ಮೈಲೇಜ್ ಸಿಗುತ್ತದೆ. ದಪ್ಪ ಆಯಿಲ್‌ನಲ್ಲಿ ಬೇರಿಂಗ್ ಮತ್ತು ಶಾಫ್ಟ್ ನಡುವಿನ ಪದರ ಗಟ್ಟಿ ಇರುತ್ತದೆ. ಅವರ ಇಂಜಿನ್‌ನಲ್ಲಿ ದೋಷ ಇರೋದು ಅದೇ ಜಾಗದಲ್ಲಿ, ಅದಕ್ಕೆ ಆ ಇಂಜಿನ್ ಮಾಡಿದವರೇ ಲೆಕ್ಕ ಹಾಕಿ ಬದಲಿಸಿದ್ದಾರೆ. ನಿಮ್ಮ ಕಾಯಿಲೆ ಬೇರೆ. ದಪ್ಪ ಆಯಿಲ್ ಹಾಕಿ ಅದಕ್ಕೂ ಡೀಸೆಲ್ ಬೆರೆಯುತ್ತಾ ಹೋದರೆ ಅದೂ ತೆಳ್ಳಗಾಗುತ್ತದೆ. ಮಜ್ಜಿಗೆಗೆ ನೀರು ಬೀಳುತ್ತಿದೆ ಅಂದರೆ ನಲ್ಲಿ ನಿಲ್ಲಿಸಬೇಕು, ಮೊಸರು ಗಟ್ಟಿ ಹೆಪ್ಪು ಹಾಕಿದರೆ ಏನು ಬಂತು?

ಮಾಡಬೇಕಾದ್ದು: ಪೂರ್ತಿ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಗ್ರೇಡನ್ನೇ ಹಾಕಿಸಿ. ಕೆಲವರು ಜಾಸ್ತಿ ಆದಷ್ಟು ಮಾತ್ರ ಪೈಪ್ ಹಾಕಿ ಎಳೆದುಬಿಡುತ್ತಾರೆ. ಅದು ಕಣ್ಣು ಕಟ್ಟುವ ಕೆಲಸ. ಉಳಿದದ್ದರಲ್ಲೂ ಅಷ್ಟೇ ಡೀಸೆಲ್ ಇರುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ತೀರಾ ಏರಿದರೆ ಆಯಿಲ್ ಆವಿ ಬ್ರೀದರ್ ಪೈಪಿನಿಂದ ಗಾಳಿ ದಾರಿಗೆ ಹೋಗಿ, ಇಂಜಿನ್ ಅದನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ಓಡಿದ್ದೂ ಉಂಟು. ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಎರಡನೇ ಸಲ ನೋಡುವ ಆಸೆ ಇಲ್ಲ.

ಆಯಿಲ್ ಬದಲಿಸಿದ ಮೇಲೆ ವಾರ ಹತ್ತು ದಿನಕ್ಕೊಮ್ಮೆ ಚಿತ್ರದುರ್ಗದ ಕಡೆ ಹೊಡೀರಿ. ಅರ್ಧ ಗಂಟೆ ಒಂದೇ ಸಮ 80ರಲ್ಲಿ ಹೋದರೆ ಸಾಕು.

ಟ್ರ್ಯಾಕ್ಟರ್ ಆಯಿಲ್ ಮಾತ್ರ ಮುಟ್ಟಲೇಬೇಡಿ. ಅದರ ಬಗ್ಗೆ ಯಾರಾದರೂ ಎದುರು ಮಾತಾಡಿದರೆ ಆಮೇಲೆ ಬರೆಯುತ್ತೇನೆ.

ಹರಿಹರ_ಹಳೇಗಾಡಿ

ನಾನೇ ಎದುರು ಮಾತಾಡುತ್ತೇನೆ ಸ್ಪ್ಯಾನರ್ ಅಣ್ಣಾ. ನಮ್ಮಪ್ಪ ಹಳೇ ಜೀಪಿಗೆ, ಟ್ರ್ಯಾಕ್ಟರ್‌ಗೆ, ಪಂಪ್‌ಸೆಟ್‌ಗೆ ಎಲ್ಲಕ್ಕೂ ಒಂದೇ ಡ್ರಮ್ಮಿನಿಂದ ಆಯಿಲ್ ಹಾಕುತ್ತಿದ್ದರು. 20 ವರ್ಷ ಏನೂ ಆಗಲಿಲ್ಲ. ಈಗಿನ ಗಾಡಿಗಳಿಗೆ ಇಷ್ಟು ನಾಜೂಕು ಯಾಕೆ? ಸುಮ್ನೆ ದುಬಾರಿ ಆಯಿಲ್ ಮಾರೋ ಉಪಾಯ.

ಪಿಬಿ_ರೋಡ್_ಸ್ಪ್ಯಾನರ್

ನಿಮ್ಮಪ್ಪನವರ ಜೀಪಿಗೆ ಡಿಪಿಎಫ್ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಮಸಿ ಸುಟ್ಟರೆ ಹೋಗುತ್ತದೆ. ಬೂದಿ ಸುಡುವುದಿಲ್ಲ. ಹಳೇ ನಮೂನೆ ಡೀಸೆಲ್ ಆಯಿಲ್‌ನಲ್ಲಿ ಇರುವ ಕೆಲವು ಸೇರ್ಪಡೆ ವಸ್ತುಗಳು ಇಂಜಿನ್‌ನಲ್ಲಿ ಸ್ವಲ್ಪ ಸ್ವಲ್ಪ ಉರಿದು ಬೂದಿಯಾಗಿ ಡಬ್ಬಿಯಲ್ಲಿ ಕೂರುತ್ತವೆ. ಕೂತದ್ದು ಕೂತೇ ಇರುತ್ತದೆ. ಎಷ್ಟು ಸಲ ಹೈವೇಗೆ ಹೋದರೂ ಹೋಗಲ್ಲ. ಅದಕ್ಕೇ ಬಿಎಸ್-6 ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್. ಡಬ್ಬದ ಹಿಂದೆ ಎಸಿಇಎ ಸಿ2, ಸಿ3 ಅಂತ ಬರೆದಿರುತ್ತದೆ, ಎಸಿಇಎ ಅಂದರೆ ಯುರೋಪಿನ ಗಾಡಿ ಕಂಪನಿಗಳ ಸಂಘ, ಆಯಿಲ್ ದರ್ಜೆ ಅವರದ್ದು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಯಾವುದು ಹೇಳಿದೆಯೋ ಅದೇ ಅಕ್ಷರ ಡಬ್ಬದ ಮೇಲೂ ಇರಬೇಕು. ದಪ್ಪ ಎಷ್ಟು ಅನ್ನುವ ಅಂಕಿ ಒಂದನ್ನೇ ನೋಡಿ ಕೊಳ್ಳಬೇಡಿ. ಡಿಪಿಎಫ್ ಹೊಸದು ಹಾಕಿಸೋ ದುಡ್ಡಲ್ಲಿ ನಿಮ್ಮಪ್ಪನವರ ಡ್ರಮ್ಮು ಎಷ್ಟೋ ಸಲ ತುಂಬಬಹುದು.

ಜೋಗಿಮಟ್ಟಿ_ಗಾಳಿ

ಚಿತ್ರದುರ್ಗದಿಂದ ನಾನು. ಗಾಳಿಯಂತ್ರದ ಕೆಲಸ, ಸೈಟ್ ಗಾಡಿಗಳ ಲೆಕ್ಕವೂ ನನ್ನ ತಲೆ ಮೇಲೇ ಇದೆ. ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ನಾನು ಸೇರಿಸೋದು ಜಾಸ್ತಿ ಇಲ್ಲ. ರೀಕಾಲ್ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲಿ ನಾನು ಪೆಟ್ಟು ತಿಂದವನು.

ನನ್ನ ಎಸ್‌ಯುವಿ ಸೆಕೆಂಡ್ ಹ್ಯಾಂಡ್, ಬೆಂಗಳೂರಿನವರಿಂದ ತಗೊಂಡಿದ್ದು. ತಗೊಂಡು ಒಂದೂವರೆ ವರ್ಷ ಆದಮೇಲೆ ಹಳೇ ಓನರ್ ಫೋನ್ ಮಾಡಿ, "ಸಾರ್, ಹಳೇ ಮೆಸೇಜ್ ಡಿಲೀಟ್ ಮಾಡ್ತಾ ಇದ್ದೆ, ನಿಮ್ಮ ಗಾಡಿಗೆ ಇಂಜಿನ್ ವೈರಿಂಗ್ ಚೆಕ್ ಮಾಡಿಸಬೇಕು ಅಂತ ಹೋದ ವರ್ಷವೇ ಬಂದಿತ್ತು ನೋಡಿ" ಅಂದರು. ಕಂಪನಿಯ ಲೆಕ್ಕದಲ್ಲಿ ಗಾಡಿ ಇನ್ನೂ ಅವರದ್ದೇ, ನಂಬರೂ ಅವರದ್ದೇ. ಅಷ್ಟು ದಿನ ನಾನು ಆರಾಮಾಗಿ ಹಿರಿಯೂರು, ತುಮಕೂರು ಅಂತ ಓಡಾಡಿಕೊಂಡಿದ್ದೆ. ಸೆಕೆಂಡ್ ಹ್ಯಾಂಡ್ ತಗೊಂಡೋರು ಆರ್‌ಸಿ ಬದಲಾದ ದಿನವೇ ಸರ್ವಿಸ್ ಸೆಂಟರ್‌ನಲ್ಲಿ ಫೋನ್ ನಂಬರ್ ಬದಲಿಸಿ.

ನೋಡೋದು ಸುಲಭ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇದೆ, 17 ಅಕ್ಷರ. ನಿಮ್ಮ ಕಂಪನಿಯ ವೆಬ್‌ಸೈಟ್‌ನಲ್ಲಿ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ (ಕಂಪನಿ ಹೇಳಿ ಮಾಡಿಸುವ ಚೆಕ್, ರಿಪೇರಿ) ಅನ್ನೋ ಪುಟ ಹುಡುಕಿ ಅದನ್ನು ಹಾಕಿ. ಕೌಂಟರ್‌ನಲ್ಲಿ ಕೇಳೋದಾದರೆ "ರೀಕಾಲ್ ಇದೆಯಾ" ಅಂತ ಮಾತ್ರ ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. "ಈ ಚಾಸಿಸ್ ನಂಬರ್ ಮೇಲೆ ಯಾವುದಾದರೂ ಕ್ಯಾಂಪೇನ್ ಬಾಕಿ ಇದೆಯಾ" ಅಂತ ಕೇಳಿ.

ನಮ್ಮ ದೇಶದಲ್ಲಿ ಇಂಜಿನ್ ರೀಕಾಲ್ ಆಗಲ್ಲ ಅಂದುಕೊಂಡಿರೋರು ಬಹಳ ಜನ. 2021ರಲ್ಲೇ ಮಹೀಂದ್ರಾ 1,577 ಡೀಸೆಲ್ ಥಾರ್‌ಗಳನ್ನು ಕ್ಯಾಮ್ ಶಾಫ್ಟ್ ಸಂಶಯದ ಮೇಲೆ ಕರೆಸಿತು. ಬಿಡಿಭಾಗ ಕೊಡುವವರ ಕಡೆ ಮೆಷಿನ್ ಸೆಟ್ಟಿಂಗ್ ತಪ್ಪಿತ್ತು. ಅದೇ ವರ್ಷ ನಾಸಿಕ್ ಕಾರ್ಖಾನೆಯಲ್ಲಿ ಕಲಬೆರಕೆ ಇಂಧನ ಬಂದು 600ರೊಳಗಿನ ಡೀಸೆಲ್ ಗಾಡಿಗಳನ್ನು ಇಂಜಿನ್ ಚೆಕ್‌ಗೆ ಕರೆದರು. ಇಲ್ಲಿ ಮೊದಲು, 2012ರಿಂದ, ಕಂಪನಿಗಳ ಸಂಘ ಸಿಯಾಮ್ ಮಾಡಿಕೊಂಡ ಸ್ವಯಂಪ್ರೇರಿತ ಪದ್ಧತಿ ಮಾತ್ರ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿತು, 2021ರ ಏಪ್ರಿಲ್ 1ರಿಂದ ಸರ್ಕಾರವೇ ರೀಕಾಲ್ ಮಾಡಿಸಬಹುದು. ದಂಡ 10 ಲಕ್ಷದಿಂದ 1 ಕೋಟಿವರೆಗೆ. ತಯಾರಾಗಿ ಏಳು ವರ್ಷದೊಳಗಿನ ಗಾಡಿಗೆ ಇದು ಅನ್ವಯ.

ಯೂಕಾನ್ ರೀಕಾಲ್ ನಾನೂ ಓದಿದ್ದೆ. ಅಮೆರಿಕದಲ್ಲಿ ಅದರ ಹಿಂದೆ 28,102 ದೂರು ಮತ್ತು ಘಟನೆಗಳ ವರದಿ ಇತ್ತು. ನಿಮ್ಮ ಷಡ್ಡಕ ಒಂದು ವಿಷಯ ಬಿಟ್ಟಿದ್ದಾನೆ ನೋಡಿ. ದಪ್ಪ ಆಯಿಲ್ ಕೊಟ್ಟಿದ್ದು ಪಾಸಾದ ಗಾಡಿಗೆ. ಫೇಲಾದ ಗಾಡಿಗೆ ಇಂಜಿನ್ನೇ ರಿಪೇರಿ, ಇಲ್ಲ ಬೇರೆ ಇಂಜಿನ್. 2024ರಲ್ಲಿ ಟೊಯೊಟಾ ಕೂಡ ಅಲ್ಲಿ 1.02 ಲಕ್ಷದಷ್ಟು ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ಕರೆಯಿತು. ಕಾರ್ಖಾನೆಯಲ್ಲಿ ಲೋಹ ಕೊರೆದ ಚೂರು ಪೂರ್ತಿ ತೊಳೆಯದೆ ಇಂಜಿನ್ ಒಳಗೇ ಉಳಿದಿತ್ತು. ಅಲ್ಲಿ ಯಾವ ಆಯಿಲ್ ಹಾಕಿ ಏನು ಮಾಡ್ತೀರಿ?

ಇನ್ನೊಂದು, ಎಪಿಎಂಸಿಯಲ್ಲಿ ಎಸಿ ಹಾಕಿಕೊಂಡು ಗಾಡಿ ಸ್ಟಾರ್ಟ್‌ನಲ್ಲೇ ಕೂರುತ್ತೀರಾ? ನಮ್ಮ ಸೈಟಲ್ಲಿ ಹುಡುಗರು ಬೆಟ್ಟದ ಮೇಲೆ ಮಧ್ಯಾಹ್ನವೆಲ್ಲ ಹಾಗೇ ಕೂರುತ್ತಿದ್ದರು. ಮೀಟರ್ ಓಡಲ್ಲ, ಆಯಿಲ್ ಮಾತ್ರ ಹಾಳು. ಒಂದು ಗಂಟೆ ಐಡ್ಲಿಂಗ್ ಅಂದರೆ 33 ಮೈಲಿ, ಅಂದರೆ 53 ಕಿ.ಮೀ. ಓಡಿದಷ್ಟು ಸವಕಳಿ ಅಂತ ಫೋರ್ಡ್ ಕಂಪನಿ ತನ್ನ ಪೊಲೀಸ್ ಗಾಡಿಗಳಿಗೆ ಲೆಕ್ಕ ಕೊಡುತ್ತದೆ. ಅದನ್ನು ನೋಡಿದ ಮೇಲೆ ನಾನು ಸೈಟ್ ಗಾಡಿಗಳ ಆಯಿಲ್ ಬದಲಿಸುವುದನ್ನು ಅರ್ಧ ಅಂತರಕ್ಕೆ ಇಳಿಸಿದೆ.

ಮೆಕ್ಕೆಜೋಳ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಹದಿನೆಂಟು ದಿನ ಆಯಿತು, ಆಗಿದ್ದು ಹೇಳಿಬಿಡುತ್ತೇನೆ.

ಐಡ್ಲಿಂಗ್ ವಿಷಯ ಕೇಳಿ ನಗು ಬಂತು, ಆಮೇಲೆ ಬರಲಿಲ್ಲ. ಸುಗ್ಗಿಯಲ್ಲಿ ಜೋಳದ ಧೂಳು ಅಂತ ಕಿಟಕಿ ಏರಿಸಿ, ಎಸಿ ಹಾಕಿ, ಗಾಡಿಯಲ್ಲೇ ಕೂತು ಫೋನಿನಲ್ಲಿ ರೇಟು ಮಾತಾಡೋದು ನನ್ನ ಅಭ್ಯಾಸ. ದಿನಕ್ಕೆ ಗಂಟೆ ಮೇಲೆ. ಸುಟ್ಟ ವಾಸನೆಯೂ ನೆನಪಾಯಿತು. ಹೆಂಡತಿ ಎರಡು ಮೂರು ಸಲ ಹೇಳಿದ್ದಳು, ಯಾರೋ ಬೀದಿಯಲ್ಲಿ ಪ್ಲಾಸ್ಟಿಕ್ ಸುಡ್ತಿದ್ದಾರೆ ಅಂತ ನಾನೇ ಬೈದಿದ್ದೆ.

ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಡ್ರೈನ್ ಬೋಲ್ಟ್ ತೆಗೆದ ತಕ್ಷಣ ಎಣ್ಣೆ ಹಾಗೆ ನಿಧಾನ ಬರಲಿಲ್ಲ, ಟೀ ಸೋಸಿದ ಹಾಗೆ ಸೊರ್ರ್ ಅಂತ ಬಂತು. ಹುಡುಗನಿಗೆ ಹೇಳಿ ಲೀಟರ್ ಜಗ್ಗಿನಲ್ಲಿ ಅಳೆಸಿದೆ. ಹೋದ ಬಿಲ್‌ನಲ್ಲಿ ಹಾಕಿದ್ದು 6 ಲೀಟರ್. ಬಂದಿದ್ದು ಆರೂವರೆ ದಾಟಿತು, ಫಿಲ್ಟರ್‌ನಲ್ಲಿ ಉಳಿದದ್ದು ಬೇರೆ. ಏಳು ತಿಂಗಳು ಏನೂ ಹಾಕದೆ ಅರ್ಧ ಲೀಟರ್ ಲಾಭ. ವ್ಯಾಪಾರದಲ್ಲಿ ಇಂಥ ಲಾಭ ಒಂದು ಸಲವೂ ಕಂಡಿಲ್ಲ. ಜಗ್ಗು ನೋಡಿದ ಮೇಲೆ ಮೊದಲು ಫೋನ್ ಎತ್ತಿದ್ದ ಅದೇ ಹುಡುಗ ಏನೂ ಮಾತಾಡಲಿಲ್ಲ.

ಮ್ಯಾನ್ಯುಯಲ್‌ನಲ್ಲಿ ಇರೋ 5ಡಬ್ಲ್ಯೂ-30, ಸಿ3 ಅಂತ ಬರೆದಿದ್ದೇ ಹಾಕಿಸಿದೆ. ಡಬ್ಬದ ಸೀಲು ನನ್ನ ಎದುರಿಗೇ ಒಡೆಸಿದೆ. ಚಾಸಿಸ್ ನಂಬರ್ ಹಾಕಿ ನೋಡಿದೆ, ರೀಕಾಲ್ ಇಲ್ಲ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇತ್ತು, ಹೋದ ಸರ್ವಿಸ್‌ನಲ್ಲೇ ಮಾಡಬೇಕಿತ್ತಂತೆ. ಮಾಡಿಸಿದೆ. ಇಳಿಸಿದ ಹಳೇ ಆಯಿಲನ್ನು ನನ್ನಣ್ಣ ಕ್ಯಾನಿನಲ್ಲಿ ತುಂಬಿಕೊಂಡು ಹೋಗೋಕೆ ಬಂದಿದ್ದ, ದನದ ಕೊಟ್ಟಿಗೆ ಕಂಬಕ್ಕೆ ಗೆದ್ದಲು ಬರದ ಹಾಗೆ ಬಳಿಯೋಕಂತೆ. ಗ್ಯಾರೇಜಿನವರು ಕೊಡಲಿಲ್ಲ. ಅದನ್ನು ಒಯ್ಯುವ ಏಜೆನ್ಸಿಯವರು ಬರುತ್ತಾರಂತೆ.

ಈಗ ಅಂಗಡಿಗೆ ಸ್ಕೂಟರ್. ಗಾಡಿಯನ್ನು ಎರಡು ಭಾನುವಾರ ದುರ್ಗದವರೆಗೆ ಓಡಿಸಿದೆ. ಹೆಬ್ಬಾಳು ಟೋಲ್ ದಾಟಿದ ಮೇಲೆ ಒಂದು ಸಲ ಐದನೇ ಗೇರಿನಲ್ಲಿ ಆರಾಮಾಗಿ ಹೋಗುತ್ತಿರುವಾಗ ಮೈಲೇಜ್ ಅಂಕಿ ಇದ್ದಕ್ಕಿದ್ದಂತೆ ಇಳಿಯಿತು. ಹತ್ತು ಹದಿನೈದು ನಿಮಿಷ ಹಾಗೇ ಇದ್ದು ಮತ್ತೆ ಏರಿತು. ಸುಡುತ್ತಿದೆ ಅಂತ ಗೊತ್ತಾಯಿತು, ಟೀಗೆ ನಿಲ್ಲಿಸದೆ ಭರಮಸಾಗರ ದಾಟಿಸಿದೆ. ಹೆಂಡತಿಗೆ ಟೀ ತಪ್ಪಿದ ಸಿಟ್ಟು ಇನ್ನೂ ಇದೆ. ಇವತ್ತು ಬೆಳಗ್ಗೆ ಗೇಜ್ ನೋಡಿದೆ, ಎರಡು ಗುರುತಿನ ನಡುವೆ, ಹಾಕಿಸಿದ ದಿನ ಎಲ್ಲಿತ್ತೋ ಅಲ್ಲೇ.

ಷಡ್ಡಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿನ್ನ ಗಾಡಿಯದ್ದೂ ತಿಂಗಳಿಗೊಮ್ಮೆ ಗೇಜ್ ಎಳೆದು ನೋಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಎಲ್ಲಿರುತ್ತೆ ಅಣ್ಣ?" ಅಂದ. ನನ್ನ ಗಾಡಿಯ ಬಾನೆಟ್ ಎತ್ತಿ ಫೋಟೋ ತೆಗೆದು ಕಳಿಸಿದ್ದೇನೆ. ಅದೇ ಗ್ರೂಪಿಗೆ, ಮಾವನವರಿಗೂ ಕಾಣಲಿ ಅಂತ.